ನೆಲ ಏನ್ ನಿನ್ನ ನೆಂಟನಾ

ರೋಗಿಯ ಜೇಬಿನೊಳಗಿಂದ ಅವಳದೇ ದನಿ ಕೂಗಿದಾಗ ಸೂಜಿಯ ಮೊನೆ ಆಗಲೇ ಚರ್ಮದೊಳಗೆ ಇಳಿದಿತ್ತು. ತೋಳಿಗೆ ಬಿಗಿದ ರಬ್ಬರ್ ಪಟ್ಟಿ, ಮುಷ್ಟಿ ಹಿಡಿದ ಕೈ, ಮೊಣಕೈಯ ಮಡಿಕೆಯಲ್ಲಿ ಉಬ್ಬಿ ನಿಂತ ಹಸಿರು ನರ, ಎಲ್ಲವೂ ಇರಬೇಕಾದ ಹಾಗೇ ಇದ್ದವು. ಎಷ್ಟೋ ವರ್ಷದಿಂದ ಬೆಳಗಾದರೆ ಮಾಡುತ್ತ ಬಂದ ಕೆಲಸ, ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೂಡಿಸಿದರೂ ಅವಳ ಬೆರಳು ನರವನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಆದರೆ ಮೊದಲು ಚಪ್ಪಾಳೆ ಬಂತು. ನಿಧಾನಕ್ಕೆ ಶುರುವಾಗಿ ಬಿರುಸಾಗುತ್ತ ಹೋಗುವ, ನೂರಾರು ಅಂಗೈಗಳ ಚಪ್ಪಾಳೆ. ಅದು ತಟ್ಟನೆ ನಿಂತ ಖಾಲಿಯಲ್ಲಿ ಹೆಂಗಸೊಬ್ಬಳ ಹರಿದ ಗಂಟಲು: "ಬಿಡೋ ನೆಲಾನ! ನೆಲ ಏನ್ ನಿನ್ನ ನೆಂಟನಾ?" ಸೂಜಿ ನರವನ್ನು ಸೀಳಿಕೊಂಡು ಆಚೆ ಬದಿಗೆ ಹೋಯಿತು.

"ಅಯ್ಯಯ್ಯೋ, ಮೆಲ್ಲಗೆ ಮೇಡಂ!" ರೋಗಿ ಕೈ ಎಳೆದುಕೊಂಡ. ಇನ್ನೊಂದು ಕೈಯಿಂದ ಜೇಬು ತಡಕಿ ಫೋನಿನ ಬಾಯಿ ಮುಚ್ಚಿಸಿದ. ನೋವಿನಲ್ಲೂ ಅವನಿಗೆ ನಾಚಿಕೆ. "ಮಗ ಹಾಕಿಕೊಟ್ಟ ರಿಂಗ್‌ಟೋನ್ ಇದು. ತೆಗಿ ಅಂದ್ರೆ ಕೇಳಲ್ಲ." ಚರ್ಮದ ಕೆಳಗೆ ನೀಲಿ ಗಂಟೊಂದು ನೋಡನೋಡುತ್ತಿದ್ದಂತೆ ಊದಿಕೊಂಡಿತು. ಅವಳು ಹತ್ತಿ ಒತ್ತಿ ಹಿಡಿದು, ಕ್ಷಮಿಸಿ, ಇನ್ನೊಂದು ಕೈ ಕೊಡಿ, ಈ ಸಲ ಗೊತ್ತೇ ಆಗಲ್ಲ ಎಂದಳು. ಎಲ್ಲರೂ ಹೊಗಳುವ ದನಿಯಲ್ಲೇ ಎಂದಳು. ಸೂಜಿ ಕಂಡರೆ ಊರೆಲ್ಲ ಕೇಳುವಂತೆ ಅರಚುವ ಮಕ್ಕಳೂ ಆ ದನಿಗೆ ಸುಮ್ಮನಾಗುತ್ತಿದ್ದವು. "ನಿಮ್ಮ ಕೈ ಹಗುರ ಅಂತ ಹೇಳಿಕಳಿಸಿದ್ರು," ಎಂದ ರೋಗಿ, ದೂರಿನ ಹಾಗಲ್ಲ, ಮೋಸಹೋದವನ ಹಾಗೆ. ಆ ಮಾತು ನೀಲಿ ಗಂಟಿಗಿಂತ ಹೆಚ್ಚು ಹೊತ್ತು ನೋಯಿತು. ಹತ್ತು ನಿಮಿಷವಾಗಿರಲಿಲ್ಲ, ಲ್ಯಾಬಿನ ಡಾಕ್ಟರು ಕೌಂಟರಿನ ಹತ್ತಿರವೇ ನಿಂತು, ಬಿಲ್ಲು ಬರೆಯುವ ಹುಡುಗಿಯೂ ಕೂತು ಕಾದಿದ್ದ ನಾಲ್ಕು ಜನವೂ ಕೇಳುವಂತೆ, "ಮನೇಲೆಲ್ಲ ಸರಿ ಇದೆ ತಾನೇ? ಈ ನಡುವೆ ನಿಮ್ಮ ಲಕ್ಷ್ಯ ಎಲ್ಲೋ ಇರತ್ತೆ. ಇವತ್ತು ಹೋಗಿ ಮಲಗಿಬಿಡಿ," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಲಗಿಬಿಡಿ ಎಂದದ್ದು, ಹಲ್ಲು ಬಿದ್ದ ಮುದುಕಿಗೆ ಹೇಳಿದ ಹಾಗೆ. ಬಿಲ್ಲಿನ ಹುಡುಗಿ ಕಾಗದ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಬಿಳಿ ಕೋಟು ಕಳಚಿ ಗೂಟಕ್ಕೆ ಹಾಕುವಾಗ ಅವಳಿಗೆ ತನ್ನ ಬೆರಳಿನ ವಾಸನೆ ಬಂತು. ಸ್ಪಿರಿಟ್ಟು, ರಬ್ಬರು. ಇದೇ ಕೈಯನ್ನು ಬಾಯಿಯ ಪಕ್ಕ ದೊನ್ನೆ ಮಾಡಿ ಹಿಡಿದು ಆ ದಿನ ಕೂಗಿದ್ದಳು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳ ತಾಯಿ ಹೇಳುತ್ತಿದ್ದಳು. ಅದಕ್ಕೇ ಇರಬೇಕು, ಮನೆಯಲ್ಲಿ ಲ್ಯಾಬಿನಲ್ಲಿ ಬಸ್ಸಿನಲ್ಲಿ ಅವಳು ಬಾಯಿ ಬಿಟ್ಟವಳಲ್ಲ. ಆಟದ ಮೈದಾನದ ಸಿಮೆಂಟು ಮೆಟ್ಟಿಲಿನ ಮೇಲೆ ಕೂತರೆ ಮಾತ್ರ ಅದೆಲ್ಲಿತ್ತೋ ಏನೋ, ಹೊಟ್ಟೆಯ ಬುಡದಿಂದ ಇನ್ನೊಬ್ಬಳು ಎದ್ದು ಬರುತ್ತಿದ್ದಳು. ಓಟವಾಗಲಿ, ಎಸೆತವಾಗಲಿ, ಜಿಗಿತವಾಗಲಿ, ಕಾಲೇಜುಗಳ ಕೂಟ ಎಲ್ಲಿದ್ದರೂ ರಜೆ ಹಾಕಿ ಹೋಗುವಳು. ಅಡುಗೆ ಮಾಡುವಾಗ ಸೊಪ್ಪು ಹೆಚ್ಚುವ ಲಯದಲ್ಲಿ ಯಾರ ಎತ್ತರ ಎಷ್ಟು, ಯಾರ ದೂರ ಎಷ್ಟು ಎಂದು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುವಳು. ಗಂಡನಿಗೆ ಇದು ತಿಳಿದಿತ್ತು, ತಿಳಿಯದೆಯೂ ಇತ್ತು. ಹೆಂಡತಿಗೆ ಆಟ ನೋಡುವ ಹುಚ್ಚು ಎಂದು ಗೊತ್ತು. ಅಲ್ಲಿ ಅವಳು ಯಾರಾಗುತ್ತಾಳೆ ಎಂದು ಗೊತ್ತಿಲ್ಲ. ಮೈದಾನದಲ್ಲಿ ಅವಳಿಗೆ ಬಹುವಚನವೇ ಇರಲಿಲ್ಲ. ಓಡೋ, ಎಸಿಯೋ, ಹಾರೋ. ಲ್ಯಾಬಿನಲ್ಲಿ ಐದು ವರ್ಷದ ಕೂಸಿಗೂ ನೀವು ಎನ್ನುವವಳು ಅಲ್ಲಿ ಊರ ಮಕ್ಕಳನ್ನೆಲ್ಲ ಹೆತ್ತವಳಂತೆ ಏಕವಚನದಲ್ಲಿ ಉಗಿಯುತ್ತಿದ್ದಳು, ಮತ್ತು ಆಮೇಲೆ ಮನೆಗೆ ಬಂದು ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಹೋದ ವರ್ಷದ ಆ ಮಧ್ಯಾಹ್ನ ಎತ್ತರ ಜಿಗಿತದಲ್ಲಿ ಉಳಿದಿದ್ದವನು ಒಬ್ಬನೇ. ಮಿಡತೆ ಎಂದೇ ಎಲ್ಲರೂ ಕರೆಯುತ್ತಿದ್ದ ಹುಡುಗ. ಉದ್ದ ಕಾಲು, ಸಣ್ಣ ತಲೆ, ನಿಂತಲ್ಲೇ ಮಡಚಿಟ್ಟಂತೆ ಇರುತ್ತಿದ್ದ. ಅಡ್ಡಕೋಲನ್ನು ಅದುವರೆಗೆ ಕಾಲೇಜಿನವರು ಯಾರೂ ಮುಟ್ಟದ ಎತ್ತರಕ್ಕೆ ಏರಿಸಿದ್ದರು. ಎರಡು ಸಲ ಬಿದ್ದಿತ್ತು. ಮೂರನೆಯದು ಕೊನೆಯದು. ಅವನು ಕೈ ಎತ್ತಿ ತಲೆಯ ಮೇಲೆ ತಟ್ಟಿ ಚಪ್ಪಾಳೆ ಕೇಳಿದ, ಮೆಟ್ಟಿಲುಗಳೆಲ್ಲ ಕೊಟ್ಟವು, ಅವಳೂ ಕೊಟ್ಟಳು. ಆಮೇಲೆ ಅವನು ಕೈ ಇಳಿಸಿದ, ಚಪ್ಪಾಳೆ ನಿಂತಿತು. ನಿಂತವನು ನಿಂತೇ ಇದ್ದ. ಕೋಲನ್ನೇ ನೋಡುತ್ತ, ಎಷ್ಟು ಹೊತ್ತು. ಆ ಮೌನದಲ್ಲಿ ಅವಳ ಬಾಯಿ ಅವಳನ್ನು ಕೇಳಲಿಲ್ಲ. ಮೆಟ್ಟಿಲಿಗೆ ಮೆಟ್ಟಿಲೇ ಗೊಳ್ಳೆಂದು ನಕ್ಕಿತು. ಒಳ್ಳೆಯ ಮಾತೊಂದು ಸರಿಯಾದ ಜಾಗಕ್ಕೆ ಬಿದ್ದಾಗ ಆಗುವ ಸುಖ ಅವಳ ಮೈಯಲ್ಲಿ ಹರಿಯಿತು, ಅದನ್ನು ಅವಳು ಇಂದಿಗೂ ಸುಳ್ಳೆನ್ನಲಾರಳು. ಅವನು ಆಗಲೇ ಓಟ ಶುರುಮಾಡಿದ್ದ. ನಗು ಅವನನ್ನು ಅರ್ಧ ದಾರಿಯಲ್ಲಿ ಹಿಡಿಯಿತು. ಕೊನೆಯ ಹಿಂದಿನ ಹೆಜ್ಜೆಯಲ್ಲಿ ತಲೆ ಒಂದು ಕೂದಲೆಳೆಯಷ್ಟು ಮೆಟ್ಟಿಲ ಕಡೆ ತಿರುಗಿತು, ನೆಲಕ್ಕೆ ಊರಿದ ಪಾದ ಊರಿದ್ದಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಕೋಲಿನ ಕೆಳಗೆ ನುಗ್ಗಿ ಕಂಬಕ್ಕೆ ಬಡಿದು ಬಿದ್ದವನು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಿರುಚದೆ, ಬಾಯಿ ತೆರೆದು ಆಕಾಶ ನೋಡುತ್ತಿದ್ದ. ಸುತ್ತ ಕೂತವರು ಎದ್ದು ನಿಂತರು. ಅವಳು ಕೂತೇ ಇದ್ದಳು. ಕೆಳಗಿನ ಸಾಲಿನವನೊಬ್ಬ ಹಿಂದಕ್ಕೆ ತಿರುಗಿ "ಛೆ, ಯಾವಳೋ ಬಾಯಿಬಡುಕಿ" ಎಂದಾಗ ಅವಳೂ ಹಿಂದಕ್ಕೆ ತಿರುಗಿ ನೋಡಿದಳು, ಅದು ಯಾರೆಂದು ಹುಡುಕುವವಳ ಹಾಗೆ.

ಆ ಹಿಂತಿರುಗಿ ನೋಡಿದ್ದು. ಕೂಗಿದ್ದಕ್ಕಾದರೂ ಬಾಯಿ ಜಾರಿತು ಎನ್ನಬಹುದು. ಕತ್ತು ತಿರುಗಿಸಿದ್ದಕ್ಕೆ ಏನೆನ್ನುವುದು?

ಮಧ್ಯಾಹ್ನದ ಬೀದಿ ಅವಳಿಗೆ ಪರಿಚಯವಿರಲಿಲ್ಲ. ಈ ಹೊತ್ತಿನಲ್ಲಿ ಅವಳು ಯಾವಾಗಲೂ ಒಳಗೇ ಇರುತ್ತಿದ್ದಳು. ಅರ್ಧ ಎಳೆದ ಬಾಗಿಲುಗಳು, ಅಂಗಡಿಯ ಮುಂದೆ ಬಿದ್ದುಕೊಂಡ ನಾಯಿ, ಪಾತ್ರೆ ತೊಳೆದ ನೀರು ಹರಿದ ಗೆರೆ. ಬಟ್ಟೆ ಅಂಗಡಿಯಿಂದ ಹಾಡು ಬರುತ್ತಿತ್ತು, ಆ ಹಾಡೇ. ಈಗ ಆರು ತಿಂಗಳಿಂದ ಅದು ಬರದ ಜಾಗವಿಲ್ಲ. ಆ ದಿನ ಮೆಟ್ಟಿಲಿನಲ್ಲಿ ಯಾರೋ ಫೋನಿನಲ್ಲಿ ಚಿತ್ರ ಹಿಡಿದಿದ್ದರು. ಅದರೊಳಗಿನ ಚಪ್ಪಾಳೆಯನ್ನೂ ಅವಳ ಕೂಗನ್ನೂ ಕತ್ತರಿಸಿ ತೆಗೆದು, ಅದನ್ನೇ ತಾಳ ಮಾಡಿ, ಮಿಡತೆ ರ್‍ಯಾಪ್ ಹಾಡು ಕಟ್ಟಿದ್ದ. ಮಂಡಿ ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದಾಗ ಬರೆದದ್ದಂತೆ. ಅವಳ ಮಗಳು, ಕಾಲೇಜಿನ ಎರಡನೇ ವರ್ಷದವಳು, ಮನೆಗೆ ತಂದದ್ದೂ ಅದನ್ನೇ. ಕನ್ನಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟು, ಬೆರಳು ಆಡಿಸುತ್ತ, ಅಮ್ಮನ ದನಿಯನ್ನು ಅಮ್ಮನ ಎದುರಿಗೇ ಅಣಕಿಸುತ್ತ ಕುಣಿದಳು. ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು, ಕಲಿಯಲು ಬಂದವರು ಹೆದರಿ ಕಾಲು ಒತ್ತಿಕೊಂಡೇ ಕೂತರೆ "ಬಿಡೋ ಕ್ಲಚ್ಚನ, ಕ್ಲಚ್ಚೇನ್ ನಿನ್ನ ನೆಂಟನಾ?" ಎನ್ನುತ್ತಾನಂತೆ. ಅದನ್ನು ಊಟಕ್ಕೆ ಕೂತಾಗ ಹೇಳಿ ತಾನೇ ನಕ್ಕ. "ಎಂಥಾ ಗಂಟಲೇ ಅದು! ಆ ಹೆಂಗಸಿನ ಗಂಡನ ಗತಿ ಏನಾಗಿರಬೇಕು ಪಾಪ," ಎಂದ. ಅವಳೂ ನಕ್ಕು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಆ ರಾತ್ರಿಯಿಡೀ ಒಂದೇ ಮಾತು ಅವಳನ್ನು ತಿಂದಿತು: ಜೊತೆಯಲ್ಲಿ ಇಷ್ಟು ವರ್ಷ ಬಾಳಿದವನಿಗೆ, ಹೊಟ್ಟೆಯಲ್ಲಿ ಹುಟ್ಟಿದವಳಿಗೆ, ನನ್ನ ದನಿಯ ಗುರುತಿಲ್ಲ. ಗುರುತು ಸಿಕ್ಕೀತೆಂಬ ಹೆದರಿಕೆ ಒಂದು ಕಡೆ, ಸಿಗಲಿಲ್ಲವೆಂಬ ಹೊಟ್ಟೆಯುರಿ ಇನ್ನೊಂದು ಕಡೆ. ನಡುವೆ ಅವಳು ಅಂಗಾತ ಮಲಗಿದ್ದಳು, ಪಕ್ಕದಲ್ಲಿ ಗಂಡನ ಬಲಗಾಲು ನಿದ್ದೆಯಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ರ್‍ಯಾಪ್ ಎಂದರೆ ಅವಳಿಗೆ ಮೊದಲಿಂದಲೂ ಆಗದು. ರಾಗವಿಲ್ಲ, ಸುಖವಿಲ್ಲ, ಜಗಳಕ್ಕೆ ನಿಂತವರು ಉಸಿರು ಕಟ್ಟಿ ಬೈದುಕೊಂಡ ಹಾಗೆ. ಆದರೂ ಮಗಳ ಇಯರ್‌ಫೋನ್ ಕದ್ದು ಬಸ್ಸಿನಲ್ಲಿ ಕೇಳತೊಡಗಿದಳು. ಮೊದಲು ತನ್ನ ದನಿ ಬರುವ ಜಾಗಕ್ಕೆ ಮೈ ಬಿಗಿಹಿಡಿದು ಕಾಯಲಿಕ್ಕೆ, ಆಮೇಲೆ ಅವನ ಮಾತಿಗೆ. ಕೇಳುತ್ತ ಕೇಳುತ್ತ ತಿಳಿಯಿತು, ಇದು ಓಟ. ಮೊದಲ ಹೆಜ್ಜೆಗಳು ಉದ್ದ, ಆಮೇಲೆ ಬಳಸಿಕೊಂಡು ಬರುವ ತಿರುವು, ಕೊನೆಯ ಮೂರು ಪುಟ್ಟ ಪುಟ್ಟ, ಆಮೇಲೆ ಎದ್ದ. ಅವನು ಹಾರುತ್ತಿದ್ದ ಹಾಗೇ ಮಾತಾಡುತ್ತಿದ್ದ. ಕಾಲು ಹೋದವನ ಹೆಜ್ಜೆಗಳೆಲ್ಲ ನಾಲಿಗೆಗೆ ಏರಿದ್ದವು. ಮತ್ತೆ ಆ ಜಂಬ, ನಾನು ನಾನು ನಾನು ಎಂಬ ಜಂಬ! ಜಿಗಿಯುತ್ತಿದ್ದಾಗ ಅದೇ ಹುಡುಗನನ್ನು ಯಾರಾದರೂ ಕೇಳಿದರೆ, ಎಲ್ಲ ಕೋಚ್ ಆಶೀರ್ವಾದ ಸಾರ್ ಎಂದು ತಲೆ ತಗ್ಗಿಸುತ್ತಿದ್ದ. ಅಷ್ಟು ವರ್ಷ ಹಲ್ಲು ಕಚ್ಚಿ ನುಂಗಿದ 'ನಾನು' ಎಲ್ಲವನ್ನೂ ಈಗ ಒಟ್ಟಿಗೇ ಕಕ್ಕುತ್ತಿದ್ದ. ಒಂದು ಸಾಲಂತೂ ಬಾಣದಂತೆ ಬಂದು ನಾಟಿ ಹೊರಗೆ ಬರಲೇ ಇಲ್ಲ: "ಭರವಸೆ ಹುಡುಗ ಅಂದ್ರು ನನ್ನ, ಯಾರಿಗ್ಯಾರು ಕೊಟ್ಟ ಭಾಷೆ? ಮುರಿದ ಮೇಲೆ ಕೇಳಿ ನೋಡು ಮಂಡಿಯೊಳಗೂ ಉಂಟು ಭಾಷೆ." ಹೌದಲ್ಲ, ಯಾರಿಗೆ ಯಾರು ಕೊಟ್ಟದ್ದು? ಪತ್ರಿಕೆಯಲ್ಲಿ ವರ್ಷ ವರ್ಷವೂ ಬರುತ್ತಾರೆ, ಭರವಸೆಯ ಓಟಗಾರ, ಭರವಸೆಯ ಆಟಗಾರ್ತಿ. ಆ ಮಕ್ಕಳು ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಮೆಟ್ಟಿಲ ಮೇಲೆ ಕೂತ ನಾವೇ ಅವರ ಬಾಯಿಂದ ಕಿತ್ತುಕೊಂಡು, ಆಮೇಲೆ ಮಾತಿಗೆ ತಪ್ಪಿದರೆಂದು ಮುಖ ತಿರುಗಿಸುತ್ತೇವೆ. ಹೋದ ವರ್ಷದ ಭರವಸೆಗಳು ಲ್ಯಾಬಿಗೆ ಬರುತ್ತಾರೆ. ಒಬ್ಬ ಪಾರ್ಸೆಲ್ಲು ತೂಗುವವನು, ಒಬ್ಬಳು ಜಿಮ್ಮಿನಲ್ಲಿ ಟವೆಲ್ಲು ಮಡಚುವವಳು, ಒಬ್ಬ ಬ್ಯಾಂಕಿನ ಬಾಗಿಲಿಗೆ ನಿಂತವನು. ಮುಖ ಮರೆತಿದ್ದರೂ ತೋಳು ಚಾಚಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಓಡಿದ ಮೈಯ ನರ ಹಗ್ಗದ ಹಾಗಿರುತ್ತದೆ, ಎಷ್ಟು ಬೊಜ್ಜು ಬಂದರೂ ಮುಚ್ಚುವುದಿಲ್ಲ. ನೀವು ಇಂಥವರಲ್ಲವೇ ಎಂದು ಅವಳು ಯಾರನ್ನೂ ಕೇಳಿಲ್ಲ. ರಕ್ತ ತೆಗೆದುಕೊಂಡು ಕಳಿಸಿದ್ದಾಳೆ.

ಮನೆಯ ಕಡೆ ತಿರುಗಬೇಕಾದ ಮೂಲೆಯಲ್ಲಿ ಅವಳು ತಿರುಗಲಿಲ್ಲ. ಬೆಳಿಗ್ಗೆ ಮಗಳು ತಲೆ ಬಾಚಿಕೊಳ್ಳುತ್ತ, ಇವತ್ತು ನಮ್ಮ ಕಾಲೇಜಿನ ಕ್ರೀಡಾಕೂಟ, ಮಿಡತೆ ಬರ್ತಾನೆ ಹಾಡೋಕೆ, ಎಂದದ್ದನ್ನು ಕೇಳಿಸಿಕೊಳ್ಳದವಳಂತೆ ಒಲೆಯ ಮುಂದೆ ನಿಂತಿದ್ದಳು. ಕೇಳಿಸಿಕೊಂಡದ್ದು ಕಾಲು. ಕಾಲೇಜಿನ ಗೇಟು ತೆರೆದೇ ಇತ್ತು. ಆ ದಿನದಿಂದೀಚೆಗೆ ಯಾವ ಮೈದಾನವನ್ನೂ ಮೆಟ್ಟಿರಲಿಲ್ಲ. ಸುಣ್ಣದ ಗೆರೆ, ಬೆವರು, ಬಿಸಿಲಿಗೆ ಕಾದ ರಬ್ಬರಿನ ವಾಸನೆ ಬಂದೊಡನೆ ಬಾಯಲ್ಲಿ ನೀರೂರಿತು. ಹಸಿದವಳ ಹಾಗೆ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮೈದಾನದ ಒಂದು ತುದಿಗೆ ಮರದ ಹಲಗೆ ಜೋಡಿಸಿದ ಪುಟ್ಟ ವೇದಿಕೆ, ಅದರ ಮುಂದೆ ಹುಡುಗ ಹುಡುಗಿಯರ ಗುಂಪು. ಇನ್ನೊಂದು ತುದಿಗೆ ಎತ್ತರ ಜಿಗಿತ ನಡೆದೇ ಇತ್ತು, ಅದನ್ನು ನೋಡುವವರು ಯಾರೂ ಇರಲಿಲ್ಲ. ತೆಳ್ಳಗೆ ಕಪ್ಪಗಿದ್ದ ಹುಡುಗಿಯೊಬ್ಬಳು, ಜಡೆಯನ್ನು ಗಂಟು ಹಾಕಿ ಕಟ್ಟಿಕೊಂಡವಳು, ಓಡಿಬಂದು ಎದ್ದಳು. ಎದ್ದ ರೀತಿಗೆ ಇವಳ ಹೆಜ್ಜೆ ನಿಂತಿತು. ಬೆನ್ನು ಕೋಲಿನ ಮೇಲೆ ಹಾಯುವಾಗ ಒಂದು ಗಳಿಗೆ ನಿಂತ ಹಾಗೆ ಕಂಡಿತು. ಇವಳಲ್ಲಿ ಇದೆ. ಇವಳಲ್ಲಿದೆ ಅದು! ಎಂದು ಒಳಗಿನವಳು ಆಗಲೇ ಎದ್ದು ಕೂತಿದ್ದಳು. ಅವಳು ಬೇಕೆಂದೇ ಆ ಕಡೆಗೆ ಬೆನ್ನು ಹಾಕಿ ವೇದಿಕೆಯ ಹಿಂದಕ್ಕೆ ನಡೆದಳು.

ವೇದಿಕೆಯ ಹಿಂದೆ ಆಟದ ಸಾಮಾನಿಡುವ ಕೋಣೆ. ತುಕ್ಕು ಹಿಡಿದ ಹರ್ಡಲುಗಳು, ಮೂಲೆಗೆ ಒರಗಿಸಿದ ಭರ್ಜಿಗಳು, ಹೊಟ್ಟೆ ಒಡೆದು ಸ್ಪಂಜು ಕಾಣುವ ಹಳೆಯ ಹಾಸು. ಮಡಚಿಟ್ಟ ಆ ಹಾಸಿನ ಮೇಲೆ ಮಿಡತೆ ಕೂತಿದ್ದ. ದಪ್ಪಗಾಗಿದ್ದ. ಪ್ಯಾಂಟಿನ ಒಂದು ಕಾಲನ್ನು ಮೇಲಕ್ಕೆ ಸುತ್ತಿ, ಮಂಡಿಗೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಗೆಳೆಯನೊಬ್ಬ ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದ.

"ಯಾರು ಬೇಕಿತ್ತು ಆಂಟಿ?" ಎಂದ ಗೆಳೆಯ.

"ಇವರ ಹತ್ರ ಒಂದು ಮಾತಿತ್ತು." ಆರು ತಿಂಗಳಿಂದ ಕಟ್ಟಿಟ್ಟ ಮಾತುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. "ಆ ಹಾಡಲ್ಲಿ ಬರತ್ತಲ್ಲ, ಹೆಂಗಸಿನ ದನಿ. ಅದು ನಂದು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಗೆಳೆಯ ಪಕ್ಕನೆ ನಕ್ಕ. "ಬಂತಪ್ಪ ಇನ್ನೊಂದು."

"ಸುಮ್ನಿರೋ," ಎಂದ ಮಿಡತೆ. ಆಮೇಲೆ ಅವಳಿಗೆ, ತುಂಬ ಮರ್ಯಾದೆಯಿಂದ, "ಬೇಜಾರು ಮಾಡ್ಕೋಬೇಡಿ ಆಂಟಿ. ಹೋದಲ್ಲೆಲ್ಲ ಒಬ್ರು ಬರ್ತಾರೆ. ಮೊನ್ನೆ ಒಬ್ರು ಗಂಡಸೇ ಬಂದು, ಅದು ನಂದೇ ದನಿ ಅಂದ್ರು."

"ನಾನು ಅದಕ್ಕಲ್ಲ ಬಂದಿದ್ದು. ನನಗೇನೂ ಬೇಡ."

"ಎಲ್ರೂ ಹಾಗೇ ಅಂತಾರೆ. ಹೋಗ್ಲಿ, ಒಂದ್ಸಲ ಹೇಳಿ ನೋಡೋಣ."

ಅವಳು ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು. ಬಿಡೋ ನೆಲಾನ, ಎಂದಳು. ಬಂದದ್ದು ಲ್ಯಾಬಿನ ದನಿ. ಗಂಟಲು ಸರಿಮಾಡಿಕೊಂಡು ಮತ್ತೆ ಎಂದಳು. ಈ ಸಲ ಇನ್ನೂ ಮೆತ್ತಗೆ, ಇನ್ನೂ ವಿನಯವಾಗಿ, ನೆಲವನ್ನು ದಯವಿಟ್ಟು ಬಿಡಬೇಕೆಂದು ಬೇಡಿಕೊಂಡ ಹಾಗೆ. ಗೆಳೆಯ ತಲೆ ತಗ್ಗಿಸಿ ವೈರಿನೊಳಗೆ ನಗು ಬಚ್ಚಿಟ್ಟ. ಅಪರಾಧಿ ನಾನೇ ಎಂದು ತಾನಾಗಿ ಬಂದು ನಿಂತರೂ ಒಪ್ಪುವವರಿಲ್ಲ! ಕಿವಿ ಬಿಸಿಯಾಗಿ ಕಣ್ಣು ತುಂಬಿಬಂತು.

"ನಿಮ್ಮ ದನಿ ಚೆನ್ನಾಗಿದೆ ಆಂಟಿ," ಎಂದ ಮಿಡತೆ, ಸಮಾಧಾನಕ್ಕೆ. "ಮಕ್ಕಳನ್ನ ಮಲಗಿಸೋ ದನಿ. ಫೋಟೋ ಬೇಕಾದ್ರೆ ತೆಗೆಸ್ಕೊಳ್ಳಿ."

"ಅಮ್ಮಾ!" ಬಾಗಿಲಲ್ಲಿ ಮಗಳು. ಯಾರೋ ನೋಡಿ ಹೇಳಿರಬೇಕು, ಓಡಿಬಂದಿದ್ದಳು, ಕೆನ್ನೆಗೆ ಬಳಿದುಕೊಂಡ ಬಣ್ಣ ಬೆವರಿಗೆ ಇಳಿದಿತ್ತು. "ಇಲ್ಲೇನ್ ಮಾಡ್ತಿದೀಯ ನೀನು? ಕೆಲಸ ಇಲ್ವಾ? ಅಣ್ಣ, ಸಾರಿ, ನಮ್ಮಮ್ಮ ಇವ್ರು. ಬಾ ಅಮ್ಮ, ಮಾನ ಕಳೀಬೇಡ."

ಹೋಗಿಬಿಡಬಹುದಿತ್ತು. ಮಗಳು ಕೈ ಹಿಡಿದು ಎಳೆಯುತ್ತಿದ್ದಳು, ಬಾಗಿಲು ಎರಡು ಹೆಜ್ಜೆ. ಅಷ್ಟರಲ್ಲಿ ಮಿಡತೆ, ಪಟ್ಟಿಯನ್ನು ಬಿಗಿಯುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದ: "ನಿಜವಾದವಳು ಒಂದಿನ ಬಂದೇ ಬರ್ತಾಳೆ ಅಂತ ಕಾಯ್ತಿದೀನಿ. ಬೈಯೋಕಲ್ಲ. ಒಂದು ಕೇಳೋದಿದೆ."

"ಏನು?" ಎಂದಳು ಅವಳು, ಮಗಳ ಕೈ ಬಿಡಿಸಿಕೊಂಡು.

"ಆ ಮೂರನೇ ಸಲ ನಾನು ದಾಟ್ತಿದ್ನಾ, ಇಲ್ವಾ ಅಂತ. ಕೋಚ್ ಕೇಳಿದ್ರೆ, ಬಿಡೋ ಅದು ನಿನ್ನ ಕೈಲಾಗೋ ಎತ್ತರ ಅಲ್ಲ ಅಂತಾರೆ, ನನಗೆ ಸಂಕಟ ಆಗದೇ ಇರ್ಲಿ ಅಂತ. ನಮ್ಮಮ್ಮ ಕೇಳಿದ್ರೆ ದಾಟೇ ದಾಟ್ತಿದ್ದೆ ಮಗನೇ ಅಂತಾಳೆ, ಅವಳು ಬಂದೇ ಇರ್ಲಿಲ್ಲ. ವಿಡಿಯೋ ಶುರುವಾಗೋದೇ ಚಪ್ಪಾಳೆಯಿಂದ. ಆ ಹೆಂಗಸಿಗೆ ಗೊತ್ತಿರತ್ತೆ. ಅಷ್ಟು ಜೋರಾಗಿ ಬೈಬೇಕಂದ್ರೆ ಅವಳು ನನ್ನನ್ನ ಸರಿಯಾಗಿ ನೋಡಿರ್ಬೇಕು."

ಅವಳಿಗೆ ಗೊತ್ತಿತ್ತು. ಎಷ್ಟು ಸಲ ಅದನ್ನು ಕಣ್ಣಿನೊಳಗೆ ಓಡಿಸಿ ನೋಡಿದ್ದಳೋ ಲೆಕ್ಕವಿಲ್ಲ. ಗೊತ್ತಿದ್ದದ್ದನ್ನು ಹೇಳಿದರೆ ಅವನ ಮಂಡಿ ಇನ್ನೊಮ್ಮೆ ಮುರಿಯುತ್ತದೆ. ಇಲ್ಲವೆಂದರೆ ಅವನು ಮುಂದೆಂದೂ ಹಾರದ ಎತ್ತರದಿಂದಲೂ ಅವನನ್ನು ಇಳಿಸಿದ ಹಾಗೆ. ಹಾಳಾಗಲಿ, ಸುಮ್ಮನೆ ಮನೆಗೆ ಹೋಗಿ ಮಲಗಿಬಿಡು ಎಂದಿತು ಮನಸ್ಸು, ಥೇಟು ಡಾಕ್ಟರ ದನಿಯಲ್ಲಿ.

"ಓಟ ಶುರು ಮಾಡೋ ಗುರುತನ್ನ ನೀನು ಒಂದು ಪಾದ ಹಿಂದಕ್ಕೆ ಹಾಕ್ಕೊಂಡೆ," ಎಂದಳು. ನೀವು ಎನ್ನುವುದು ಮರೆತಿತ್ತು.

ಪಟ್ಟಿಯ ಮೇಲಿದ್ದ ಕೈ ನಿಂತಿತು. "ಏನಂದ್ರಿ?"

"ಎರಡನೇ ಸಲ ಬಿದ್ದ ಮೇಲೆ. ಸುಣ್ಣದ ಗೆರೆ ಎಳ್ಕೊಂಡಿದ್ಯಲ್ಲ, ಅದನ್ನ ಬೂಟಿಂದ ಒರೆಸಿದೆ. ಹಿಂದಕ್ಕೆ ಹೋಗಿ ನೀರಿನ ಬಾಟಲಿ ಮುಚ್ಚಳ ಇಟ್ಟೆ. ಕೋಚ್ ಬೈತಾರೇನೋ ಅಂತ ಒಂದ್ಸಲ ಆ ಕಡೆ ನೋಡಿದೆ. ಅವ್ರು ಫೋನಲ್ಲಿದ್ರು."

"ಮುಚ್ಚಳ," ಎಂದ ಅವನು. ಗೆಳೆಯ ವೈರು ಸುತ್ತುವುದನ್ನು ನಿಲ್ಲಿಸಿದ. "ಆ ಮುಚ್ಚಳದ ವಿಷಯ ನಾನು ಯಾರಿಗೂ ಹೇಳಿಲ್ಲ."

"ಎರಡನೇ ಸಲಾನೇ ನಿನ್ನ ಸೊಂಟ ದಾಟಿತ್ತು. ಹಿಮ್ಮಡಿ ತಾಗಿ ಕೋಲು ಬಿತ್ತು. ತೀರಾ ಹತ್ರದಿಂದ ಎದ್ದಿದ್ದೆ, ಅದೊಂದೇ ತಪ್ಪು. ಅದನ್ನ ನೀನೇ ಕಂಡ್ಕೊಂಡು ಸರಿಮಾಡ್ಕೊಂಡೆ. ದಾಟ್ತಿದ್ದೆ."

"ಎಷ್ಟು?"

ಅವಳು ಬಲಗೈಯ ತೋರುಬೆರಳು, ನಡುಬೆರಳನ್ನು ಜೋಡಿಸಿ ಅಡ್ಡ ಹಿಡಿದಳು. ದಿನವಿಡೀ ನರ ಹುಡುಕುವ ಬೆರಳುಗಳು. "ಇಷ್ಟು."

ಅವನು ಕುಂಟುತ್ತ ಎದ್ದುಬಂದ. ಅವಳ ಎರಡು ಬೆರಳನ್ನು ಮುಟ್ಟಿ, ಅವುಗಳ ದಪ್ಪವನ್ನು ತನ್ನ ಹೆಬ್ಬೆರಳಿನಿಂದ ಅಳೆದು ನೋಡಿದ. ಅವನ ಮುಖ ಬಿಚ್ಚಿಕೊಂಡಿತು. ಹದಿನೆಂಟು ವರ್ಷದವನ ಮುಖ, ಮೆಟ್ಟಿಲುಗಳಿಗೆ ಕೈ ಎತ್ತಿ ಚಪ್ಪಾಳೆ ಕೇಳುತ್ತಿದ್ದವನ ಮುಖ. "ಕೇಳಿದ್ಯೇನೋ? ಎರಡು ಬೆರಳಂತೆ! ನಾನು ಹೇಳಿರ್ಲಿಲ್ವಾ? ಎರಡು ಬೆರಳು ಕಣೋ!" ಎಂದು ಗೆಳೆಯನ ಬೆನ್ನಿಗೆ ಗುದ್ದಿದ. ಅವಳ ಕೈಯನ್ನು ಬಿಟ್ಟಿರಲಿಲ್ಲ. ಅವನ ಸಂತೋಷ ಅವಳ ಮಣಿಕಟ್ಟಿನವರೆಗೆ ನಡುಗುತ್ತ ಬಂತು, ಮತ್ತು ಒಂದು ಕ್ಷಣ, ದೇವರೇ, ಅವಳಿಗೂ ಸಂತೋಷವಾಯಿತು. ಆಮೇಲೆ ಆ ಕೈಯ ಬಿಗಿ ಕಡಿಮೆಯಾಗುತ್ತ ಹೋಯಿತು. ಅವನು ಅವಳನ್ನು ನೋಡುತ್ತಿದ್ದ. ಮುಚ್ಚಳ ಕಂಡವಳು ಇವಳಾದರೆ, ಕೂಗಿದವಳೂ ಇವಳೇ. ಲೆಕ್ಕ ಮುಗಿದ ಮೇಲೆ ಕೈ ಬಿಟ್ಟ.

"ಮತ್ತೆ ಯಾಕಮ್ಮ ಬಾಯಿ ಬಿಟ್ರಿ?" ಎಂದ. ಈಗ ಆಂಟಿ ಇರಲಿಲ್ಲ.

ಬಾಗಿಲಲ್ಲಿ ಮಗಳು ಅಲುಗಾಡದೆ ನಿಂತಿದ್ದಳು. ಇದಕ್ಕೆ ಅವಳು ಆರು ತಿಂಗಳಿಂದ ಸಾವಿರ ಉತ್ತರ ಕಟ್ಟಿಕೊಂಡಿದ್ದಳು. ಹುರಿದುಂಬಿಸಲಿಕ್ಕೆ ಎಂದು, ಎಲ್ಲರೂ ಕೂಗುತ್ತಾರೆ ಎಂದು, ನಾನೇನು ನಿನ್ನ ಕಾಲು ಹಿಡಿದು ಎಳೆದೆನೇ ಎಂದು. "ದಾಟ್ತೀಯ ಅಂತ ಗೊತ್ತಿತ್ತು," ಎಂದಳು. ಹೇಳುತ್ತ ಹೇಳುತ್ತ ಅದು ಅವಳಿಗೂ ಮೊದಲ ಸಲ ಕೇಳಿಸಿತು. "ಅದಕ್ಕೇ. ನೀನು ದಾಟೋದ್ರಲ್ಲಿ ನಂದೂ ಒಂದು ಮಾತಿರ್ಲಿ ಅಂತ. ನಾಳೆ ನೀನು ದೊಡ್ಡವನಾದಾಗ, ನಾನು ಅಂದಿದ್ದಕ್ಕೇ ಅವನು ಹಾರಿದ್ದು ಅಂತ ಅಂದ್ಕೊಳ್ಳೋಣ ಅಂತ. ಮನಸಲ್ಲೇ. ಯಾರಿಗೂ ಹೇಳ್ತಿರ್ಲಿಲ್ಲ."

ಹೊರಗೆ ಯಾರೋ ಮೈಕಿನಲ್ಲಿ ಅವನನ್ನು ಕರೆಯುತ್ತಿದ್ದರು. ಪ್ಯಾಂಟಿನ ಸುತ್ತು ಬಿಚ್ಚಿ ಕೆಳಗೆ ಎಳೆದುಕೊಂಡ, ತಲೆಗೂದಲ ಮೇಲೆ ಕೈಯಾಡಿಸಿದ. ಬಾಗಿಲ ಹತ್ತಿರ, ಹಿರಿಯರಿಗೆ ಹೇಳಿ ಅಭ್ಯಾಸವಾದ ಬಾಯಿಗೆ, "ಬರ್ತೀನಿ" ಎಂಬ ಮಾತು ತಾನಾಗಿ ಬಂದುಬಿಟ್ಟಿತು; ಬಂದದ್ದಕ್ಕೆ ತುಟಿ ಕಚ್ಚಿಕೊಂಡು ಹೊರಟುಹೋದ.

ಹಾಡಿದ. ಎಂದಿನಂತೆಯೇ ಹಾಡಿದ. ಅವಳು ಅಂದುಕೊಂಡಂತೆ ನಡುವೆ ನಿಲ್ಲಿಸಲಿಲ್ಲ, ಅವಳ ಕಡೆ ಬೆರಳು ತೋರಿಸಲಿಲ್ಲ, ದನಿಯನ್ನು ಕಿತ್ತುಹಾಕಲಿಲ್ಲ. ಆ ಜಾಗ ಬಂದಾಗ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ ಅವಳು ಕೂಗಿದಳು, ಗುಂಪಿಗೆ ಗುಂಪೇ ಅವಳ ಜೊತೆ ಕೂಗಿತು, ಅವನು ನಗುತ್ತ ಕೈ ಬೀಸಿದ. ಮಗಳು ಗುಂಪಿಗೆ ಹೋಗಲಿಲ್ಲ. ಅಮ್ಮನನ್ನು ಕರೆದುಕೊಂಡು ಮೈದಾನದ ಇನ್ನೊಂದು ತುದಿಯ ಖಾಲಿ ಮೆಟ್ಟಿಲಿಗೆ ಬಂದು, ಒಂದು ಮೆಟ್ಟಿಲು ಕೆಳಗೆ ಕೂತಳು, ಬೆನ್ನು ಮಾತ್ರ ಕಾಣುವ ಹಾಗೆ. ಆ ಬೆನ್ನು ಕೇಳಿತು, "ಅಪ್ಪನಿಗೆ ಗೊತ್ತಾ?"

"ಇಲ್ಲ."

"ನಾನು ಮನೇಲಿ ಅಷ್ಟು ಸಲ ಹಾಕ್ದಾಗ, ನೀನು ಅಲ್ಲೇ ಇರ್ತಿದ್ಯಲ್ಲ ಅಮ್ಮ."

ಹಾಡು ಮುಗಿದು, ಗುಂಪಿನ ಗದ್ದಲ ಇಳಿಯಿತು. ಅದಕ್ಕಾಗಿಯೇ ಕಾದು ನಿಂತಿದ್ದಳು ಆ ಜಡೆಗಂಟಿನ ಹುಡುಗಿ, ಎತ್ತರ ಜಿಗಿತದಲ್ಲಿ ಉಳಿದವಳು ಅವಳೊಬ್ಬಳೇ ಇರಬೇಕು. ಮೇಷ್ಟರೊಬ್ಬರು ಕೋಲನ್ನು ಏರಿಸಿ ಕೈ ಒರೆಸಿಕೊಂಡು ದೂರ ಸರಿದರು. ಹುಡುಗಿ ಓಟ ಶುರುಮಾಡಲು ಬಂದು ನಿಂತಳು, ಕೋಲನ್ನು ನೋಡಿದಳು. ನೋಡಬಾರದೆಂದುಕೊಂಡರೂ ಅವಳ ಕಣ್ಣು ಹುಡುಗಿಯ ಕಾಲಿಗೇ ಹೋಯಿತು. ನಿಂತ ಜಾಗ ತಪ್ಪಾಗಿತ್ತು. ತೀರಾ ಮುಂದಿತ್ತು, ಹಿಂದಿನ ಸಲಕ್ಕಿಂತ ಒಂದು ಅಂಗೈಯಷ್ಟಾದರೂ ಮುಂದೆ, ಗದ್ದಲದಲ್ಲಿ ಕಾಯುತ್ತ ಕಾಯುತ್ತ ಅರಿವಿಲ್ಲದೆ ಜರುಗಿಬಂದಿದ್ದಳು. ಇಲ್ಲಿಂದ ಓಡಿದರೆ ಕೋಲಿನ ಬುಡದಲ್ಲೇ ಏಳುತ್ತಾಳೆ, ಹಿಂದಕ್ಕೆ ಹೋಗು, ಹಿಂದಕ್ಕೆ ಹೋಗೇ! ಹೊಟ್ಟೆಯ ಬುಡದಿಂದ ಅದು ಎದ್ದಿತು, ಎದೆ ದಾಟಿತು, ಗಂಟಲು ತುಂಬಿತು. ಯಾವಾಗ ಎದ್ದು ನಿಂತಳೋ ತಿಳಿಯದು. ಕೈ ದೊನ್ನೆಯಾಗಿ ಬಾಯಿಯ ಪಕ್ಕಕ್ಕೆ ಬಂದಿತ್ತು.

"ಅಮ್ಮ, ಬೇಡ." ಮಗಳು ತಿರುಗಿ ಅವಳ ಮಣಿಕಟ್ಟನ್ನು ಹಿಡಿದಿದ್ದಳು. ಉಗುರು ನಾಟುವಷ್ಟು ಬಿಗಿಯಾಗಿ.

ಅವಳು ಬಾಯಿ ಮುಚ್ಚಿದಳು. ಹಲ್ಲಿನ ಹಿಂದೆ ಮಾತನ್ನು ಒತ್ತಿ ಹಿಡಿದಳು. ಮೈದಾನ ನಿಶ್ಶಬ್ದವಾಗಿತ್ತು. ಹುಡುಗಿ ಓಡಿದಳು, ತಿರುವಿನಲ್ಲಿ ಚೆಂದವಾಗಿ ಬಾಗಿದಳು, ಕೋಲಿನ ಬುಡಕ್ಕೇ ಬಂದು ಎದ್ದಳು. ಸೊಂಟ ದಾಟಿತು. ಏರುವಾಗ ತಾಗಿದ ಭುಜಕ್ಕೆ ಕೋಲು ಆ ಕಡೆ ಈ ಕಡೆ ನಡುಗಿ, ಬೀಳಲೋ ಬೇಡವೋ ಎಂದು ಯೋಚಿಸಿ, ಬಿತ್ತು. ಹುಡುಗಿ ಹಾಸಿನ ಮೇಲೆ ಎದ್ದು ಕೂತಳು. ಎಲ್ಲಿ ತಪ್ಪಿತೆಂದು ಯಾರಾದರೂ ಹೇಳಿಯಾರೇನೋ ಎಂದು ಮೊದಲು ಮೇಷ್ಟರ ಕಡೆ ನೋಡಿದಳು, ಅವರು ಬರೆದುಕೊಳ್ಳುತ್ತಿದ್ದರು. ಆಮೇಲೆ ಮೆಟ್ಟಿಲುಗಳ ಕಡೆ ನೋಡಿದಳು. ಖಾಲಿ ಸಾಲುಗಳನ್ನು ಒಂದೊಂದಾಗಿ ಹುಡುಕುತ್ತ ಬಂದ ಆ ಕಣ್ಣು, ಬಾಯಿ ಮುಚ್ಚಿಕೊಂಡು ನಿಂತ ಹೆಂಗಸೊಬ್ಬಳ ಮೇಲೆ ಹಾದು, ಮುಂದಕ್ಕೆ ಹೋಯಿತು.